ವಯಸ್ಸು ಅಳೆಯುವ ಪ್ಯಾಕೇಜ್‌ಗಳು: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದನ್ನು ಮನೆಯಲ್ಲೇ ನೋಡಬಹುದು

ಥೈರಾಯ್ಡ್, ಶುಗರ್, ಲಿಪಿಡ್ ಪಟ್ಟಿಯ ಕೊನೆಗೆ ‘ಬಯಲಾಜಿಕಲ್ ಏಜ್’ ಅನ್ನುವ ಸಾಲೊಂದನ್ನು ಸೇರಿಸಿದ ಪ್ಯಾಕೇಜ್‌ಗಳು ಈಗ ಬೆಂಗಳೂರಿನಲ್ಲಿ ಸಿಗುತ್ತವೆ. ಬೆಳಿಗ್ಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ಆಮೇಲೆ ಮೊಬೈಲಿಗೆ ರಿಪೋರ್ಟ್ ಬರುತ್ತದೆ: ನಿಮಗೆ 62, ನಿಮ್ಮ ದೇಹಕ್ಕೆ 57. ಇದನ್ನು ಬುಕ್ ಮಾಡುವವರಲ್ಲಿ ಮಕ್ಕಳೇ ಜಾಸ್ತಿ, ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಇರುವ ಅಪ್ಪ ಅಮ್ಮನಿಗಾಗಿ. ಈ ವಿಮರ್ಶೆ ಅಂಥವರಿಗೆ. ಇಲ್ಲಿ ಯಾವ ಲ್ಯಾಬಿನ ಹೆಸರೂ ಇಲ್ಲ. ನೋಡಿರುವುದು ಮೂರು ಬಗೆಯ ಪರೀಕ್ಷೆ, ಒಂದು ಉಪಕರಣ: ರಕ್ತದ ಅಂಕಿಗಳಿಂದ ಲೆಕ್ಕ ಹಾಕುವ ವಯಸ್ಸು, ಡಿಎನ್‌ಎ ಮೆಥಿಲೇಷನ್ ವಯಸ್ಸು, ಗ್ಲೂಕೋಸ್ ಕುಡಿಸಿ ನೋಡುವ ಹಳೆಯ ಪರೀಕ್ಷೆ ಮತ್ತು ಕೈಹಿಡಿತ ಅಳೆಯುವ ಡೈನಮೋಮೀಟರ್.

ಎಲ್ಲವನ್ನೂ ಒಂದೇ ಪ್ರಶ್ನೆಯಿಂದ ಅಳೆದಿದ್ದೇವೆ. ದೇಹ ಅಲುಗಾಡಿದ ಮೇಲೆ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಅನ್ನುವುದನ್ನು ಈ ಸೇವೆ ಹೇಳುತ್ತದೆಯೇ? ಮುಪ್ಪಿನ ಜೀವಶಾಸ್ತ್ರದಲ್ಲಿ ಈ ಪ್ರಶ್ನೆಗೆ ಈಗ ದೊಡ್ಡ ಜಾಗವಿದೆ. ಡೆಂಗಿ ಜ್ವರ ಬಿಟ್ಟ ಮೇಲೆ ಮೊಮ್ಮಗ ಬೇಗ ಶಾಲೆಯ ಚೀಲ ಏರಿಸುತ್ತಾನೆ. ಅಜ್ಜ ತಿಂಗಳು ಕಳೆದರೂ ‘ಇನ್ನೂ ಸುಧಾರಿಸಿಕೊಂಡಿಲ್ಲಪ್ಪ’ ಅನ್ನುತ್ತಾರೆ. ಜ್ವರ ಇಬ್ಬರಿಗೂ ಬಂದದ್ದು ಒಂದೇ, ವಾಪಸ್ ಬರುವ ದಾರಿ ಅಜ್ಜನಿಗೆ ಉದ್ದ. 2021ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ನಲ್ಲಿ ಬಂದ ಒಂದು ಅಧ್ಯಯನ ಅದೇ ಜನರ ರಕ್ತಕಣಗಳ ಎಣಿಕೆಯನ್ನು ಮತ್ತೆ ಮತ್ತೆ ನೋಡಿ ಈ ದಾರಿಯನ್ನು ಅಳೆಯಿತು. ಏರುಪೇರಾದ ಸ್ಥಿತಿ ಮೊದಲಿನ ಮಟ್ಟಕ್ಕೆ ಮರಳಲು 40ರ ಆರೋಗ್ಯವಂತರಿಗೆ ಸುಮಾರು 2 ವಾರ ಬೇಕಾದರೆ 80ರವರಿಗೆ ಸುಮಾರು 6 ವಾರ. ಅದೇ ಗೆರೆಯನ್ನು ಮುಂದಕ್ಕೆ ಎಳೆದರೆ 120ರಿಂದ 150 ವರ್ಷದ ನಡುವೆ ಎಲ್ಲೋ ಚೇತರಿಕೆ ಪೂರ್ತಿ ನಿಂತೇ ಹೋಗುತ್ತದೆ ಎಂದು ಅವರು ಲೆಕ್ಕ ಹಾಕಿದರು. ಆ ಕೊನೆಯ ಅಂಕಿ ಗಣಿತದ ಅಂದಾಜು. ನಮಗೆ ಬೇಕಾದದ್ದು 2 ವಾರ 6 ವಾರವಾಗುವ ಆ ನಡುವಿನ ದಾರಿ.

ಮೊದಲು ರಕ್ತದ ಲೆಕ್ಕದ ವಯಸ್ಸು. ಇದಕ್ಕೆ ಹೆಚ್ಚು ಜಾಗ ಕೊಡಬೇಕು, ಏಕೆಂದರೆ ಜನ ಹೆಚ್ಚು ಕೊಳ್ಳುವುದೂ ತಪ್ಪು ಓದುವುದೂ ಇದನ್ನೇ. ಇಂಥ ಲೆಕ್ಕಗಳಲ್ಲಿ ಎಲ್ಲರಿಗೂ ಗೊತ್ತಿರುವ ಸೂತ್ರ 2018ರ ‘ಫೀನೋಏಜ್’. ಅದಕ್ಕೆ ಹುಟ್ಟಿದ ವಯಸ್ಸಿನ ಜೊತೆ ಒಂಬತ್ತು ಅಂಕಿ ಸಾಕು: ಅಲ್ಬುಮಿನ್, ಕ್ರಿಯಾಟಿನಿನ್, ಗ್ಲೂಕೋಸ್, ಸಿಆರ್‌ಪಿ (ಉರಿಯೂತದ ಗುರುತು), ಲಿಂಫೋಸೈಟ್ ಶೇಕಡಾ, ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ), ಆರ್‌ಡಿಡಬ್ಲ್ಯು, ಆಲ್ಕಲೈನ್ ಫಾಸ್ಫಟೇಸ್, ಬಿಳಿ ರಕ್ತಕಣಗಳ ಎಣಿಕೆ. ಸಿಬಿಸಿ (ರಕ್ತಕಣಗಳ ಎಣಿಕೆ), ಲಿವರ್, ಕಿಡ್ನಿ, ಶುಗರ್ ಇರುವ ಯಾವುದೇ ಸಾಧಾರಣ ಪ್ಯಾಕೇಜಿನಲ್ಲಿ ಇವುಗಳಲ್ಲಿ ಎಂಟು ಇದ್ದೇ ಇರುತ್ತವೆ. ಸಿಆರ್‌ಪಿ ಒಂದನ್ನು ಸೇರಿಸಿಕೊಂಡರೆ ಆಯಿತು. ಆಮೇಲಿನ ಲೆಕ್ಕಕ್ಕೆ ಸ್ಪ್ರೆಡ್‌ಶೀಟ್ ಸಾಕು. ಆದ್ದರಿಂದ ‘ವಯಸ್ಸು’ ಅನ್ನುವ ಒಂದು ಸಾಲಿಗಾಗಿ ದೊಡ್ಡ ಮೊತ್ತ ಕೇಳುವ ಪ್ಯಾಕೇಜ್ ಬೇಡ.

ಈ ಸೂತ್ರದಲ್ಲಿ ಯಾವ ಅಂಕಿ ಎಷ್ಟು ಜಗ್ಗುತ್ತದೆ ಅನ್ನುವುದು ಗೊತ್ತಿದ್ದರೆ ರಿಪೋರ್ಟ್ ಓದುವ ರೀತಿಯೇ ಬದಲಾಗುತ್ತದೆ. ಎಲ್ಲಕ್ಕಿಂತ ಗಟ್ಟಿಯಾಗಿ ಜಗ್ಗುವುದು ಆರ್‌ಡಿಡಬ್ಲ್ಯು, ಅಂದರೆ ಕೆಂಪು ರಕ್ತಕಣಗಳ ಗಾತ್ರ ಒಂದಕ್ಕೊಂದು ಎಷ್ಟು ಬೇರೆಬೇರೆಯಾಗಿದೆ ಅನ್ನುವ ಅಳತೆ. ಅದು 13ರಿಂದ 15ಕ್ಕೆ ಏರಿದರೆ ಲೆಕ್ಕದ ವಯಸ್ಸು ಸುಮಾರು 7 ವರ್ಷ ಏರುತ್ತದೆ. ಎಂಸಿವಿ 10 ಏರಿದರೆ ಸುಮಾರು 3 ವರ್ಷ. ಈಗ ಶುದ್ಧ ಸಸ್ಯಾಹಾರಿ ಮನೆಯ 65ರ ಅಮ್ಮನನ್ನು ನೆನೆಯಿರಿ. ಬಿ12 ಕೊರತೆ ಇಂಥ ಮನೆಗಳಲ್ಲಿ ಸಾಮಾನ್ಯ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಇನ್ನೂ ಹೆಚ್ಚು. ಬಿ12 ಕಡಿಮೆಯಾದರೆ ರಕ್ತಕಣ ದಪ್ಪವಾಗುತ್ತದೆ, ಗಾತ್ರವೂ ಹೆಚ್ಚುಕಡಿಮೆಯಾಗುತ್ತದೆ, ಎಂಸಿವಿ ಮತ್ತು ಆರ್‌ಡಿಡಬ್ಲ್ಯು ಎರಡೂ ಏರುತ್ತವೆ. ರಿಪೋರ್ಟ್ ‘ನಿಮ್ಮ ದೇಹಕ್ಕೆ 75’ ಅನ್ನುತ್ತದೆ. ಡಾಕ್ಟರು ಬಿ12 ಕೊಟ್ಟು ಮೂರು ನಾಲ್ಕು ತಿಂಗಳು ಕಳೆದರೆ ಹಳೆಯ ಕಣಗಳು ಹೋಗಿ ಹೊಸವು ಬರುತ್ತವೆ, ಆ ಹತ್ತು ವರ್ಷದಲ್ಲಿ ಬಹುಪಾಲು ಕರಗುತ್ತದೆ. ಕಬ್ಬಿಣ ಕೊರತೆಯಲ್ಲಿ ಲೆಕ್ಕ ಇನ್ನೂ ಗೋಜಲು: ಆರ್‌ಡಿಡಬ್ಲ್ಯು ಏರಿ ವಯಸ್ಸನ್ನು ಮೇಲೆ ಎಳೆದರೆ, ಎಂಸಿವಿ ಇಳಿದು ಅದರಲ್ಲಿ ಸ್ವಲ್ಪವನ್ನು ಕೆಳಗೆ ಎಳೆಯುತ್ತದೆ. ಹಾಗಾಗಿ ಬಿ12 ಮತ್ತು ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಇಲ್ಲದ ಪ್ಯಾಕೇಜಿನಲ್ಲಿ ‘ವಯಸ್ಸು’ ಅಂಕಿಯನ್ನು ಓದುವುದೇ ಬೇಡ.

ಕ್ರಿಯಾಟಿನಿನ್‌ನದು ಇದಕ್ಕಿಂತ ಅಪಾಯದ ತಪ್ಪು, ಏಕೆಂದರೆ ಅದು ಒಳ್ಳೆಯ ಸುದ್ದಿಯ ವೇಷದಲ್ಲಿ ಬರುತ್ತದೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. ತಂದೆಯವರು ವರ್ಷದಲ್ಲಿ ಸೊರಗಿ, ತೊಡೆ ತೋಳು ಸಣ್ಣಗಾಗಿ, ಕ್ರಿಯಾಟಿನಿನ್ 1.0ರಿಂದ 0.8ಕ್ಕೆ ಇಳಿದರೆ ಸೂತ್ರದ ಪ್ರಕಾರ ಅವರು ಸುಮಾರು 2 ವರ್ಷ ‘ಚಿಕ್ಕವರು’. ಸುಧಾರಿಸಿಕೊಳ್ಳಲು ಬೇಕಾದ ಬಂಡವಾಳವೇ ಸ್ನಾಯು. ಆಸ್ಪತ್ರೆಯಲ್ಲಿ ಒಂದು ವಾರ ಮಲಗಿದರೆ ದೇಹ ಒಡೆದು ಖರ್ಚು ಮಾಡುವುದು ಅದನ್ನೇ. ಬಂಡವಾಳ ಕರಗಿದ್ದನ್ನು ಲಾಭ ಎಂದು ತೋರಿಸುವ ರಿಪೋರ್ಟಿಗೆ ಪಕ್ಕದಲ್ಲಿ ತೂಕ, ಮೀನಖಂಡದ ಸುತ್ತಳತೆ, ಕೈಹಿಡಿತ ಇರಲೇಬೇಕು.

ಘಟಕದ ತಪ್ಪೂ ನಡೆಯುತ್ತದೆ. ಮೂಲ ಸೂತ್ರಕ್ಕೆ ಸಿಆರ್‌ಪಿ ಬೇಕಾಗುವುದು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಲ್ಯಾಬ್‌ಗಳು ಸಾಮಾನ್ಯವಾಗಿ ಕೊಡುವುದು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಹತ್ತರಿಂದ ಭಾಗಿಸದೆ ಹಾಕಿದರೆ ಎಲ್ಲರಿಗೂ ಸುಮಾರು ಎರಡೂವರೆ ವರ್ಷ ಹೆಚ್ಚು ಬರುತ್ತದೆ. ಆರ್‌ಡಿಡಬ್ಲ್ಯು ಎರಡು ಬಗೆಯಲ್ಲಿ ಅಚ್ಚಾಗಿರುತ್ತದೆ, ಸಿವಿ ಮತ್ತು ಎಸ್‌ಡಿ. ಬೇಕಾದದ್ದು ಶೇಕಡಾದಲ್ಲಿರುವ ಸಿವಿ. 40ರ ಆಸುಪಾಸಿನ ಎಸ್‌ಡಿ ಅಂಕಿಯನ್ನು ತಪ್ಪಿ ಹಾಕಿದರೆ ಬರುವ ಉತ್ತರಕ್ಕೆ ಅರ್ಥವೇ ಇರುವುದಿಲ್ಲ. ಲೀಟರಿಗೆ 10 ಮಿಲಿಗ್ರಾಂ ಮೀರಿದ ಸಿಆರ್‌ಪಿ ಬಂದರೆ ಒಳಗೆ ಸೋಂಕೋ ಗಾಯವೋ ಇರಬಹುದು ಎಂದರ್ಥ. ಕಾರಣ ಹುಡುಕಿಸಿ, ಅದು ವಾಸಿಯಾದ ಮೇಲೆ ಮತ್ತೆ ಮಾಡಿಸಿ. ಸಾಧಾರಣ ದಿನಗಳಲ್ಲೂ ಎರಡು ವಾರದ ಅಂತರದಲ್ಲಿ ಎರಡು ಸಲ ನೋಡಿ ಸರಾಸರಿ ಹಿಡಿಯುವುದು ಸರಿಯಾದ ಕ್ರಮ.

ಇನ್ನು ಮನೆಯಿಂದ ಲ್ಯಾಬಿಗೆ ಹೋಗುವ ದಾರಿ. ಬೆಂಗಳೂರಿನಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ರಕ್ತವನ್ನು ಹಾಗೇ ಇಟ್ಟರೆ ಟ್ಯೂಬಿನೊಳಗಿನ ಕಣಗಳು ಗಂಟೆಗೆ ಶೇ. 5ರಿಂದ 7ರಷ್ಟು ಗ್ಲೂಕೋಸ್ ತಿನ್ನುತ್ತವೆ. ಆರೂವರೆಗೆ ತೆಗೆದ ಸ್ಯಾಂಪಲ್ ಇನ್ನೂ ನಾಲ್ಕು ಮನೆ ಸುತ್ತಿ, ಸಿಲ್ಕ್ ಬೋರ್ಡ್ ದಾಟಿ, ಒಂಬತ್ತಕ್ಕೆ ಲ್ಯಾಬ್ ಸೇರಿದರೆ 100 ಇದ್ದ ಶುಗರ್ 90ಕ್ಕಿಂತ ಕೆಳಗೆ ಓದಬಹುದು. ಗಡಿಯಲ್ಲಿರುವವರ ಸಕ್ಕರೆ ಕಾಯಿಲೆ ಹೀಗೆಯೇ ತಪ್ಪಿಸಿಕೊಳ್ಳುತ್ತದೆ. ಬುಕ್ ಮಾಡುವಾಗ ಸ್ಯಾಂಪಲ್ ತೆಗೆದ ಎಷ್ಟು ಹೊತ್ತಿಗೆ ಸೆಂಟ್ರಿಫ್ಯೂಜ್ ಆಗುತ್ತದೆ, ಅಂದರೆ ಯಂತ್ರದಲ್ಲಿ ತಿರುಗಿಸಿ ಕಣಗಳನ್ನು ಬೇರೆ ಮಾಡುತ್ತಾರೆ ಎಂದು ಕೇಳಿ. ಉತ್ತರ ತಡವರಿಸಿದರೆ ಹತ್ತಿರದ ಕೇಂದ್ರಕ್ಕೇ ನಡೆದು ಹೋಗಿ ಕೊಡುವುದು ಮೇಲು. ಮನೆಗೆ ಬಂದವರ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಇದೆಯೇ ನೋಡಿ. ಶುಗರ್‌ಗೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬು, ಸಿಬಿಸಿಗೆ ನೇರಳೆ ಮುಚ್ಚಳದ ಟ್ಯೂಬು ಇರಬೇಕು. ಫ್ಲೋರೈಡ್ ಕೂಡ ಪೂರ್ತಿ ಕೆಲಸ ಶುರು ಮಾಡಲು ಒಂದೆರಡು ಗಂಟೆ ತೆಗೆದುಕೊಳ್ಳುತ್ತದೆ, ಅದಕ್ಕೇ ಐಸ್ ಮುಖ್ಯ. ಟ್ಯೂಬಿನ ಮೇಲೆ ಹೆಸರು, ವಯಸ್ಸು, ಸಮಯವನ್ನು ನಿಮ್ಮ ಕಣ್ಣೆದುರೇ ಬರೆಸಿ. ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್‌ನ ಗುರುತು ರಿಪೋರ್ಟಿನ ಮೇಲಿದ್ದರಷ್ಟೇ ಸಾಲದು. ಮಾನ್ಯತೆ ಸಿಗುವುದು ಪರೀಕ್ಷೆಗೊಂದರಂತೆ, ನಿಮಗೆ ಬೇಕಾದ ಪರೀಕ್ಷೆ ಆ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿ. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುವವರು ಮುಂಚೆಯೇ ತಿಳಿಸಬೇಕು. ಕೆಲವು ಯಂತ್ರಗಳಲ್ಲಿ ಅದು ಥೈರಾಯ್ಡ್ ಅಂಕಿಯನ್ನೇ ತಿರುಗಿಸಿಬಿಡುತ್ತದೆ.

ರಕ್ತದ ವಯಸ್ಸಿಗೆ 5ಕ್ಕೆ 3 ಅಂಕ. ಒಂದೇ ಲ್ಯಾಬಿನಲ್ಲಿ, ಆರು ತಿಂಗಳಿಗೊಮ್ಮೆ, ಕಾಯಿಲೆ ಇಲ್ಲದ ದಿನಗಳಲ್ಲಿ ಮಾಡಿಸಿ ಬಿಡಿ ಅಂಕಿಗಳ ಸಾಲನ್ನು ಇಟ್ಟುಕೊಂಡರೆ ಇದು ಕೆಲಸಕ್ಕೆ ಬರುತ್ತದೆ. ಒಂದೇ ಸಲ ಮಾಡಿಸಿದರೆ ಕುತೂಹಲ ತಣಿಯುತ್ತದೆ ಅಷ್ಟೆ.

ಮೆಥಿಲೇಷನ್ ಪರೀಕ್ಷೆ ಇದಕ್ಕಿಂತ ಬಹಳ ದುಬಾರಿ. ಡಿಎನ್‌ಎ ಮೇಲೆ ಕೂರುವ ಪುಟ್ಟ ರಾಸಾಯನಿಕ ಗುರುತುಗಳು ವಯಸ್ಸಿನೊಂದಿಗೆ ಕ್ರಮವಾಗಿ ಬದಲಾಗುತ್ತವೆ. ಈ ಗುರುತುಗಳಿಂದ ವಯಸ್ಸು ಲೆಕ್ಕ ಹಾಕುವ ಸೂತ್ರಕ್ಕೆ ಗಡಿಯಾರ ಅನ್ನುತ್ತಾರೆ. 2013ರ ಹೊರ್ವಾತ್ ಗಡಿಯಾರ ಅಂಥ 353 ಜಾಗಗಳನ್ನು ಓದುತ್ತದೆ. ವಿಜ್ಞಾನವಾಗಿ ಇದು ಅಪೂರ್ವ ಕೆಲಸ. ಒಬ್ಬ ವ್ಯಕ್ತಿಯ ರಿಪೋರ್ಟಾಗಿ ಕೊಳ್ಳುವಾಗ ಎರಡು ತೊಂದರೆ. ಮೊದಲನೆಯದು ಯಂತ್ರದ ಅಳತೆಯಲ್ಲೇ ಇರುವ ಏರುಪೇರು. ಅದೇ ಸ್ಯಾಂಪಲನ್ನು ಎರಡು ಸಲ ಓಡಿಸಿದಾಗ ಪ್ರಸಿದ್ಧ ಗಡಿಯಾರಗಳ ಉತ್ತರದಲ್ಲಿ 9 ವರ್ಷದವರೆಗೂ ವ್ಯತ್ಯಾಸ ಬರಬಹುದೆಂದು ಸಂಶೋಧಕರು 2022ರಲ್ಲಿ ತೋರಿಸಿದ್ದಾರೆ. ಅದನ್ನು ತಗ್ಗಿಸುವ ಗಣಿತದ ದಾರಿಯನ್ನೂ ಅವರೇ ಕೊಟ್ಟರು, ತಿದ್ದಿದ ಗಡಿಯಾರಗಳಲ್ಲಿ ವ್ಯತ್ಯಾಸ ಹೆಚ್ಚಾಗಿ ಒಂದೂವರೆ ವರ್ಷದೊಳಗೆ ನಿಂತಿತು. ಆದ್ದರಿಂದ ಕೊಳ್ಳುವ ಮೊದಲು ಕೇಳಬೇಕಾದದ್ದು: ಯಾವ ಗಡಿಯಾರ? ತಿದ್ದಿದ ಆವೃತ್ತಿಯೇ? ಅದೇ ಸ್ಯಾಂಪಲನ್ನು ಮತ್ತೆ ಓಡಿಸಿದರೆ ಎಷ್ಟು ಹೆಚ್ಚುಕಡಿಮೆ ಬರುತ್ತದೆ? ಎರಡನೆಯ ತೊಂದರೆ, ಇಂಥ ಗಡಿಯಾರಗಳನ್ನು ಕಟ್ಟಿದ್ದು ಬಹುತೇಕ ಬೇರೆ ದೇಶದವರ ರಕ್ತದ ಮೇಲೆ. ಮುಪ್ಪಿನ ವೇಗ ಹೇಳುವ ‘ಡ್ಯುನೆಡಿನ್‌ಪೇಸ್’ ನ್ಯೂಜಿಲೆಂಡಿನ ಒಂದೇ ಊರಿನಲ್ಲಿ 1972-73ರಲ್ಲಿ ಹುಟ್ಟಿದವರನ್ನು ನೋಡುತ್ತಾ ಕಟ್ಟಿದ್ದು. ನಮ್ಮವರ ಅಂಕಿಗಳನ್ನು ಕೂಡಿಸುವ ಕೆಲಸ ನಮ್ಮ ಊರಿನಲ್ಲೇ ನಡೆಯುತ್ತಿದೆ: ಭಾರತೀಯ ವಿಜ್ಞಾನ ಸಂಸ್ಥೆಯ ‘ಭಾರತ್’ ಅಧ್ಯಯನ, ಅದೇ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿರುವ ಕೆಲಸ. ಅಲ್ಲಿಂದ ನಮ್ಮದೇ ಅಳತೆಗೋಲು ಬರುವವರೆಗೆ ಕಾಯುವುದರಲ್ಲಿ ನಷ್ಟವಿಲ್ಲ.

ಮೆಥಿಲೇಷನ್‌ನಿಂದ ಒಂದು ಮುಖ್ಯ ಪಾಠ ಮಾತ್ರ ಸಿಕ್ಕಿದೆ. ತೊಡೆಮೂಳೆ ಮುರಿದು ತುರ್ತು ಶಸ್ತ್ರಚಿಕಿತ್ಸೆಯಾದ ಹಿರಿಯರಲ್ಲಿ ಈ ಗಡಿಯಾರದ ವಯಸ್ಸು ಹಠಾತ್ತನೆ ಏರಿ, ಒಂದು ವಾರದೊಳಗೆ ಮತ್ತೆ ಹಳೆಯ ಮಟ್ಟಕ್ಕೆ ಇಳಿದದ್ದನ್ನು ಸಂಶೋಧಕರು 2023ರಲ್ಲಿ ಕಂಡರು. ಅಂದರೆ ಈ ಅಂಕಿಯೂ ಅಲುಗಾಡುತ್ತದೆ, ಸುಧಾರಿಸಿಕೊಳ್ಳುತ್ತದೆ. ಜ್ವರವೋ ಆಪರೇಷನ್ನೋ ಆದ ಹೊಸತರಲ್ಲಿ ಪರೀಕ್ಷೆ ಕೊಟ್ಟರೆ ಆ ಅಲುಗಾಟದ ಅಂಕಿ ಕೈಗೆ ಬರುತ್ತದೆ. ಹಿರಿಯರಿಗೆ ಉಡುಗೊರೆಯಾಗಿ ಕೊಡಲು 5ಕ್ಕೆ 1. ಟೆಲೊಮಿಯರ್ (ವರ್ಣತಂತುಗಳ ತುದಿಯ ಭಾಗ) ಉದ್ದದ ಪರೀಕ್ಷೆಗೆ ಅದೂ ಇಲ್ಲ: ವ್ಯಕ್ತಿಯಿಂದ ವ್ಯಕ್ತಿಗೆ ಹುಟ್ಟಿನಿಂದಲೇ ಅಷ್ಟು ವ್ಯತ್ಯಾಸವಿರುವಾಗ ಒಂದು ಅಂಕಿಯಿಂದ ಏನೂ ಹೇಳಲಾಗದು.

ಈಗ ಬಹಳ ಪ್ಯಾಕೇಜ್‌ಗಳು ಕೈಬಿಟ್ಟಿರುವ, ಆದರೆ ನಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವ ಹಳೆಯ ಪರೀಕ್ಷೆ: ಗ್ಲೂಕೋಸ್ ಟಾಲರೆನ್ಸ್. 75 ಗ್ರಾಂ ಗ್ಲೂಕೋಸನ್ನು 250ರಿಂದ 300 ಮಿಲಿ ನೀರಿನಲ್ಲಿ ಕರಗಿಸಿ 5 ನಿಮಿಷದೊಳಗೆ ಕುಡಿಸುತ್ತಾರೆ, ಕುಡಿಯಲು ಶುರು ಮಾಡಿದ ಹೊತ್ತಿನಿಂದ ಎರಡು ಗಂಟೆಗೆ ಮತ್ತೆ ರಕ್ತ. 140ರ ಕೆಳಗೆ ಇಳಿದಿದ್ದರೆ ದೇಹ ಆ ಹೊರೆಯನ್ನು ಸಂಭಾಳಿಸಿದೆ. 140ರಿಂದ 199 ಇದ್ದರೆ ಸಂಭಾಳಿಸಲು ಏದುಸಿರು ಬಿಡುತ್ತಿದೆ. 200 ಅಥವಾ ಮೇಲಿದ್ದರೆ ಸಕ್ಕರೆ ಕಾಯಿಲೆಯ ಮಟ್ಟ. ಖಾಲಿ ಹೊಟ್ಟೆಯ ಶುಗರ್ 95 ಇದ್ದು, ಎರಡು ಗಂಟೆಯದ್ದು 170 ಬರುವ ಹಿರಿಯರು ಇದ್ದಾರೆ. ಸುಮ್ಮನಿದ್ದಾಗ ಎಲ್ಲ ಸರಿ, ಹೊರೆ ಬಿದ್ದಾಗ ಮಾತ್ರ ಬಯಲಾಗುವ ದಣಿವು ಇದೇ. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಇದನ್ನು ಯಾವಾಗಲೂ ಹಿಡಿಯದು, ಕಬ್ಬಿಣ ಕೊರತೆ ಇದ್ದರೆ ಅದು ಇಲ್ಲದ ಸಕ್ಕರೆಯನ್ನೂ ತೋರಿಸಬಹುದು. ಪರೀಕ್ಷೆಗೆ ಮೊದಲು ಮೂರು ದಿನ ಅನ್ನ, ಮುದ್ದೆ ಬಿಡದೆ ಎಂದಿನಂತೆ ಉಣ್ಣಬೇಕು, ದಿನಕ್ಕೆ 150 ಗ್ರಾಂ ಪಿಷ್ಟವಾದರೂ ಒಳಗೆ ಹೋಗಬೇಕು. ಪಥ್ಯ ಮಾಡಿ ಹೋದರೆ ಅಂಕಿ ಸುಳ್ಳೇ ಏರುತ್ತದೆ. ಆ ಎರಡು ಗಂಟೆ ಲ್ಯಾಬಿನಲ್ಲೇ ಕೂತಿರಬೇಕು. ಸ್ವಲ್ಪ ತರಕಾರಿ ತಂದುಬಿಡೋಣ ಎಂದು ಗಾಂಧಿ ಬಜಾರಿಗೆ ಒಂದು ಸುತ್ತು ಹೋಗಿಬಂದರೆ ಕಾಲಿನ ಸ್ನಾಯು ಸಕ್ಕರೆ ಎಳೆದುಕೊಂಡು ಅಂಕಿ ಕೆಳಗಿಳಿಯುತ್ತದೆ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಈ ಪರೀಕ್ಷೆ ಬೇಡ. ಉಳಿದವರಿಗೆ 5ಕ್ಕೆ 5.

ಕೊನೆಯದು ಡೈನಮೋಮೀಟರ್. ಹಿಡಿಯನ್ನು ಒತ್ತಿದರೆ ಕಿಲೋ ತೋರಿಸುವ ಉಪಕರಣ, ಡಿಜಿಟಲ್ ಮಾದರಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. 17 ದೇಶಗಳ ಸುಮಾರು 1.4 ಲಕ್ಷ ಜನರನ್ನು ನೋಡಿದ ‘ಪ್ಯೂರ್’ ಅಧ್ಯಯನದಲ್ಲಿ, ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆ ಕೂಡ ಅದರಲ್ಲಿತ್ತು, ಹಿಡಿತ 5 ಕಿಲೋ ಇಳಿದಂತೆ ಸಾವಿನ ಅಪಾಯ ಶೇ. 16 ಏರಿದ್ದು 2015ರಲ್ಲಿ ಪ್ರಕಟವಾಯಿತು. ಮೇಲಿನ ಬಿಪಿಗಿಂತ ಹಿಡಿತವೇ ಚೆನ್ನಾಗಿ ಮುನ್ಸೂಚನೆ ಕೊಟ್ಟಿತು. ಏಷ್ಯಾದವರಿಗೆಂದು 2019ರಲ್ಲಿ ಗೊತ್ತುಮಾಡಿದ ಗಡಿ ಗಂಡಸರಿಗೆ 28 ಕಿಲೋ, ಹೆಂಗಸರಿಗೆ 18. ಇದಕ್ಕಿಂತ ಕಡಿಮೆ ಬಂದರೆ ಸ್ನಾಯು ಸೊರಗಿದೆಯೇ ಎಂದು ಡಾಕ್ಟರಲ್ಲಿ ತೋರಿಸಬೇಕು.

ಕೊಳ್ಳುವಾಗ ಹಿಡಿಯ ಅಗಲ ಹೊಂದಿಸಲು ಬರುವಂಥದ್ದು, ಗರಿಷ್ಠ ಅಂಕಿಯನ್ನು ಪರದೆಯ ಮೇಲೆ ನಿಲ್ಲಿಸುವಂಥದ್ದು ನೋಡಿ. ಸ್ಪ್ರಿಂಗ್ ಹಾಕಿದ ವ್ಯಾಯಾಮದ ಹಿಡಿ ಬೇರೆ, ಅದು ಏನನ್ನೂ ಅಳೆಯುವುದಿಲ್ಲ. ಬಂದ ದಿನವೇ ತೂಕ ಪರೀಕ್ಷಿಸಿ: ಉಪಕರಣವನ್ನು ಗಟ್ಟಿಯಾಗಿ ಕಟ್ಟಿ, ಒತ್ತುವ ಹಿಡಿಯ ನಟ್ಟನಡುವಿಗೆ ಹಗ್ಗ ಹಾಕಿ, ತೂಗಿಟ್ಟ 10 ಕಿಲೋ ಅಕ್ಕಿ ಚೀಲ ನೇತುಹಾಕಿ. ಒಂದು ಕಿಲೋಗಿಂತ ಹೆಚ್ಚು ಆಚೀಚೆ ತೋರಿಸಿದರೆ ವಾಪಸ್ ಕಳಿಸಿ. ಅಳೆಯುವ ಕ್ರಮ ಹೀಗಿದೆ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಪಾದ ನೆಲಕ್ಕೆ ಊರಿ, ಮೊಣಕೈ 90 ಡಿಗ್ರಿಗೆ ಮಡಿಸಿ, ಮೂರು ಸೆಕೆಂಡು ಪೂರ್ತಿ ಬಲ ಹಾಕಬೇಕು. ಪಕ್ಕದಲ್ಲಿ ನಿಂತವರು ‘ಒತ್ತಿ, ಇನ್ನೂ ಒತ್ತಿ’ ಎಂದು ಹುರಿದುಂಬಿಸಬೇಕು, ಪ್ರತಿ ಸಲವೂ ಅದೇ ಮಾತು. ನಡುವೆ ಒಂದು ನಿಮಿಷ ಬಿಟ್ಟು ಪ್ರತಿ ಕೈಗೆ ಮೂರು ಸಲ. ಆರರಲ್ಲಿ ದೊಡ್ಡದನ್ನು ಬರೆದುಕೊಳ್ಳಿ. ಉಸಿರು ಬಿಗಿಹಿಡಿಯಬಾರದು, ಬಿಪಿ ಜಿಗಿಯುತ್ತದೆ. ಹೆಬ್ಬೆರಳ ಬುಡದಲ್ಲಿ ಸಂಧಿವಾತ ಇದ್ದರೆ ಅಂಕಿ ತೋರಿಸುವುದು ನೋವನ್ನು, ಬಲವನ್ನಲ್ಲ. ಅಂಥವರಿಗೆ ಕುರ್ಚಿಯಿಂದ ಏಳುವ ಪರೀಕ್ಷೆ ಸರಿ: 43 ಸೆಂಟಿಮೀಟರ್ ಎತ್ತರದ ಗಟ್ಟಿ ಕುರ್ಚಿ ಗೋಡೆಗೆ ಒರಗಿಸಿ, ಎದೆಯ ಮೇಲೆ ಕೈಕಟ್ಟಿ, ಐದು ಸಲ ಎದ್ದು ಕೂರಬೇಕು. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ನಿಧಾನ. ಸೋಫಾ ಬೇಡ, ಜಾರುವ ಪ್ಲಾಸ್ಟಿಕ್ ಕುರ್ಚಿಯಂತೂ ಬೇಡವೇ ಬೇಡ. ನಡಿಗೆಗೆ ಅಪಾರ್ಟ್‌ಮೆಂಟಿನ ಕಾರಿಡಾರ್ ಸಾಕು. ಎರಡು ಅಡಿಯ ಹತ್ತು ಟೈಲ್ಸ್ ಅಂದರೆ ಸುಮಾರು 6 ಮೀಟರ್, ಮೊದಲ ಎರಡು ಹೆಜ್ಜೆ ಬಿಟ್ಟು ಎಣಿಸಿ. ಎಂದಿನ ನಡಿಗೆಯಲ್ಲಿ 6 ಸೆಕೆಂಡು ಮೀರಬಾರದು. ಉಪಕರಣಕ್ಕೆ 5ಕ್ಕೆ 4.

ಇದರ ಜೊತೆಗೆ ಮನೆಯಲ್ಲಿರುವ ಬಿಪಿ ಯಂತ್ರದಿಂದಲೇ ಸುಧಾರಿಸಿಕೊಳ್ಳುವ ಶಕ್ತಿಯ ಒಂದು ನೇರ ಅಳತೆ ಸಿಗುತ್ತದೆ, ಇದಕ್ಕೆ ಬೇರೆ ಖರ್ಚಿಲ್ಲ. ಬೆಳಿಗ್ಗೆ ಏಳುವ ಮುನ್ನ 5 ನಿಮಿಷ ಮಲಗಿದ್ದು ಬಿಪಿ ನೋಡಿ. ಎದ್ದು ನಿಂತು 1ನೇ ನಿಮಿಷಕ್ಕೆ, 3ನೇ ನಿಮಿಷಕ್ಕೆ ಮತ್ತೆ ನೋಡಿ, ನಿಂತಾಗ ತೋಳು ಎದೆಯ ಮಟ್ಟಕ್ಕೆ ಆಧಾರದ ಮೇಲಿರಲಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದು ಹಾಗೇ ಉಳಿದರೆ, ರಾತ್ರಿ ಬಾತ್‌ರೂಮಿಗೆ ಎದ್ದಾಗ ಬೀಳುವ ಅಪಾಯ ಇದೆ. ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೊಸಿನ್, ನೀರಿಳಿಸುವ ಬಿಪಿ ಮಾತ್ರೆ ಇದಕ್ಕೆ ಕಾರಣವಾಗಬಹುದು. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಮೂರೂ ಅಂಕಿಗಳನ್ನು ಡಾಕ್ಟರಿಗೆ ತೋರಿಸಿ. ಎದ್ದ ಮೊದಲ 15 ಸೆಕೆಂಡಿನ ಕುಸಿತವನ್ನು ಯಂತ್ರ ಹಿಡಿಯಲಾರದು, ಪಟ್ಟಿ ಉಬ್ಬಿ ಇಳಿಯುವಷ್ಟರಲ್ಲಿ ಅದು ಮುಗಿದಿರುತ್ತದೆ. ಆ ಹೊತ್ತಿನಲ್ಲಿ ಕಣ್ಣು ಕತ್ತಲೆ ಬಂದರೆ ಅದನ್ನೂ ಬರೆದಿಡಿ. ಪರೀಕ್ಷೆ ಮಾಡುವಾಗ ಪಕ್ಕದಲ್ಲಿ ಒಬ್ಬರು ನಿಂತಿರಬೇಕು.

ಈ ಮನೆ ಅಳತೆಗಳನ್ನು ಮೂರು ತಿಂಗಳಿಗೊಮ್ಮೆ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಜ್ವರ, ಆಸ್ಪತ್ರೆವಾಸ, ಆಪರೇಷನ್ ಆದರೆ ಮಾತ್ರ ಡಾಕ್ಟರು ಓಡಾಡಬಹುದು ಎಂದ ಮೇಲೆ ವಾರಕ್ಕೊಮ್ಮೆ ಹಿಡಿತ ಮತ್ತು ನಡಿಗೆ ಅಳೆದು, ಹಳೆಯ ಅಂಕಿಗೆ ಮರಳಲು ಎಷ್ಟು ವಾರ ಹಿಡಿಯಿತು ಎಂದು ಗುರುತು ಹಾಕಿ. ಆರು ವಾರ ಕಳೆದರೂ ಮರಳದಿದ್ದರೆ ಆ ಹಾಳೆಯನ್ನೇ ತೆಗೆದುಕೊಂಡು ಹಿರಿಯರ ಚಿಕಿತ್ಸೆ ನೋಡುವ ಡಾಕ್ಟರ ಬಳಿ ಹೋಗಿ. ಊಟದಲ್ಲಿ ಬೇಳೆ ಕಾಳು ಮೊಸರು ಎಷ್ಟು ಹೋಗುತ್ತಿದೆ, ಯಾವ ಮಾತ್ರೆ ಹೊಸದಾಗಿ ಸೇರಿದೆ ಅನ್ನುವುದನ್ನೂ ಅದೇ ಹಾಳೆಯ ಕೆಳಗೆ ಬರೆದುಕೊಂಡು ಹೋದರೆ ಅವರ ಕೆಲಸ ಅರ್ಧ ಆದಂತೆ.